ಕಾಕಿಯ ಕೊಳ, ಕಾಕಾನ ಪಂಪು

ನಮ್ಮ ಕಾಕಾ ಹೊಸ ವಸ್ತು ಕೊಳ್ಳುವುದೇ ಇಲ್ಲ ಎಂದು ಗಜೇಂದ್ರಗಡದ ಪೇಟೆಯಲ್ಲಿ ಯಾರಾದರೂ ಹೇಳಿದರೆ ನಂಬಬೇಡಿ. ಕೊಳ್ಳುತ್ತಾನೆ, ಧಾರಾಳವಾಗಿ ಕೊಳ್ಳುತ್ತಾನೆ! ಆದರೆ ಕೊಂಡ ಹೊಸದು ಮನೆಗೆ ಬಂದಮೇಲೆ ಅಲ್ಲಿರುವ ಹಳೆಯದರ ಜೊತೆ ಸಂಸಾರ ಮಾಡಲೇಬೇಕು. ಹೊಸ ಸ್ಕೂಟರ್ ತಂದ, ಅದಕ್ಕೆ ಹಳೆ ಸ್ಕೂಟರಿನ ಹಾರ್ನು ಕೂಡಿಸಿದ. ಹೊಸ ಕನ್ನಡಕ ಮಾಡಿಸಿದ, ಗಾಜು ಮಾತ್ರ ಹೊಸದು, ಫ್ರೇಮು ನಮ್ಮ ಅಜ್ಜನದು. ಹೊಸ ಫ್ಯಾನ್ ತಂದಾಗ ಅಂಗಡಿಯವನು ಕೊಟ್ಟ ರೆಗ್ಯುಲೇಟರನ್ನು ಪೊಟ್ಟಣದಲ್ಲೇ ಬಿಟ್ಟು, ಗೋಡೆಯ ಮೇಲಿದ್ದ ಹಳೆ ಕರಿ ಡಬ್ಬಿಗೇ ವೈರು ಸಿಕ್ಕಿಸಿದ. ಆ ಫ್ಯಾನು ಒಂದೋ ನಿಂತಿರುತ್ತದೆ, ಇಲ್ಲವೇ ಬಿರುಗಾಳಿ ಎಬ್ಬಿಸುತ್ತದೆ. ಅದರ ಕೆಳಗೆ ಊಟಕ್ಕೆ ಕೂತ ಬೀಗರ ತಾಟಿನ ಶೇಂಗಾ ಚಟ್ನಿ ಪುಡಿಯೆಲ್ಲ ಎದ್ದು ಅವರ ಬಿಳಿ ಅಂಗಿಯ ಮೇಲೆ ಕೂತದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ.

"ಹಳೇದು ಏನ್ ಪಾಪಾ ಮಾಡೇತಿ, ಅದನ್ನ ಹೊರಗ ಹಾಕಾಕ?" ಎಂಬುದು ಕಾಕಾನ ಒಂದೇ ಪ್ರಶ್ನೆ. ಇದಕ್ಕೆ ಉತ್ತರ ಕೊಡಬಲ್ಲವರು ನಮ್ಮ ಮನೆತನದಲ್ಲಿ ಇನ್ನೂ ಹುಟ್ಟಿಲ್ಲ.

ಕಾಕಾ ಅಂದರೆ ನನ್ನ ಅಪ್ಪನ ತಮ್ಮ. (ಎದುರಿಗೆ 'ರಿ' ಹಚ್ಚಿಯೇ ಮಾತಾಡುತ್ತೇನೆ, ಬರೆಯುವಾಗ ಮಾತ್ರ ಈ ಸಲಿಗೆ. ಕಾಕಾ ಪೇಟೆಯ ಧಾರಣೆ ಬಿಟ್ಟು ಬೇರೇನೂ ಓದುವವನಲ್ಲ, ಹಾಗಾಗಿ ನಾನು ಕ್ಷೇಮ.) ಗಜೇಂದ್ರಗಡದಲ್ಲಿ ರೈತರ ಧಾನ್ಯ ಮಾರಿಸಿಕೊಡುವ ಅವನದೊಂದು ಅಡತಿ ಅಂಗಡಿ, ರಾಜೂರದಲ್ಲಿ ಹೊಲ, ಹೊಲದಲ್ಲೇ ಮನೆ. ನಾನು ರೋಣದ ಹೈಸ್ಕೂಲಿನಲ್ಲಿ ವಿಜ್ಞಾನದ ಟೀಚರು. ಮಕ್ಕಳಿಗೆ ವಿದ್ಯುತ್ತಿನ ಪಾಠ ಮಾಡುತ್ತೇನೆಂಬ ಒಂದೇ ಅಪರಾಧಕ್ಕಾಗಿ, ಕಾಕಾನ ಮನೆಯಲ್ಲಿ ಬಲ್ಬು ಹತ್ತದಿದ್ದರೂ ಫೋನು ನನಗೇ ಬರುತ್ತದೆ. "ನಾ ಲೈನ್‌ಮನ್ ಅಲ್ರಿ ಕಾಕಾ" ಎಂದರೆ, "ಪಗಾರ ತಗೊಂಡು ಕಲಿಸ್ತಿ ಹೌದಿಲ್ಲ? ಹಂಗಾದ್ರ ಬಾ" ಎನ್ನುತ್ತಾನೆ. ಇಂಥ ನ್ಯಾಯ ಯಾವ ಕೋರ್ಟಿನಲ್ಲಿ ಸಿಗುತ್ತದೆ, ಹೇಳಿ!

ಹೀಗಿರುವಾಗ ನಮ್ಮ ಕಾಕಿಯ ಮೊಣಕಾಲು ಹಟ ಹಿಡಿದವು. ಶ್ರಾವಣದಲ್ಲಿ ಗಜೇಂದ್ರಗಡದ ಗುಡ್ಡವನ್ನು ನಮಗಿಂತ ಮುಂಚೆ ಹತ್ತಿ, ಮೇಲೆ ನಿಂತು "ಬರ್ರಿ ಬರ್ರಿ, ಮುದುಕರಾದ್ರೇನು?" ಎಂದು ನಮ್ಮನ್ನೇ ಗೇಲಿ ಮಾಡುತ್ತಿದ್ದ ಕಾಕಿ, ಅಡುಗೆಮನೆಯಿಂದ ಹಿತ್ತಲಿಗೆ ಹೋಗಲು ಗೋಡೆ ಹಿಡಿಯತೊಡಗಿದಳು. ಗದುಗಿನ ಡಾಕ್ಟರು ನೋಡಿ, "ಕೀಲು ಬಿಗಿಯಾಕತ್ತಾವು. ದಿನಾ ನೀರಾಗ ನಡೀರಿ ಅಮ್ಮಾರ, ನೀರು ನಿಮ್ಮ ಭಾರ ಹೊರತೈತಿ. ಯುಗಾದಿ ತನಕ ನೋಡೂಣು, ಇಲ್ಲಾಂದ್ರ ಆಪರೇಷನ್" ಎಂದರು.

"ಚಾಕು ಹಚ್ಚಾಕ ನಾ ಏನ್ ಬದನಿಕಾಯೇನ್ರಿ?" ಎಂದು ಕಾಕಿ ದವಾಖಾನೆಯಿಂದ ಎದ್ದೇಬಿಟ್ಟಳು.

ಬೇರೆ ಗಂಡಂದಿರಾದರೆ ಇಂಥ ಹೊತ್ತಿನಲ್ಲಿ ಎರಡು ಸಮಾಧಾನದ ಮಾತು ಹೇಳಿಯಾರು. ಕಾಕಾನಿಗೆ ಆ ವಿದ್ಯೆ ಗೊತ್ತಿಲ್ಲ. ಅವನು ಸೀದಾ ಗೌಂಡಿಯ ಮನೆಗೆ ಹೋಗಿ, "ಹೊಲದಾಗ ನಡಮಟ ನೀರು ನಿಲ್ಲೂಹಂಗ ಒಂದು ಕೊಳ ಕಟ್ಟು, ಮೆಟ್ಟಲಾ ಅಗಲ ಇರ್ಲಿ" ಎಂದ. ಆ ಗೌಂಡಿ ಜೀವಮಾನದಲ್ಲಿ ಕಟ್ಟಿದ್ದು ಗೋಬರ್ ಗ್ಯಾಸಿನ ಗುಂಡಿ ಮತ್ತು ದನಗಳ ನೀರಿನ ತೊಟ್ಟಿ. ಆದರೂ ಕೊಳ ಚಲೋ ಬಂತು. ರಾಜೂರದಲ್ಲಿ ಸ್ವಿಮ್ಮಿಂಗ್ ಪೂಲ್ ಎಂಬ ಸುದ್ದಿ ಕೇಳಿ ಸುತ್ತಲಿನ ಹೊಲದವರೆಲ್ಲ ಬಂದು ನೋಡಿದರು. ಒಬ್ಬಾತ ಬಹಳ ಹೊತ್ತು ನೋಡಿ, ನಿಧಾನವಾಗಿ, "ನಮ್ಮ ಎಮ್ಮಿ ಇಳಿಸಿದ್ರ ನಡೀತೈತೇನ್ರಿ?" ಎಂದು ಕೇಳಿದ. ಕಾಕಾ ಅವನ ಜೊತೆ ಇವತ್ತಿಗೂ ಮಾತಾಡುವುದಿಲ್ಲ.

ಕೊಳವೇನೋ ಹೊಸದಾಯಿತು. ಹೊಸದಕ್ಕೆ ಹಳೆಯದು ಕೂಡಬೇಡವೆ? ನರಗುಂದದ ಗುಜರಿ ವ್ಯಾಪಾರಿಯೊಬ್ಬ ಎಲ್ಲೋ ಮುಚ್ಚಿಹೋದ ರೆಸಾರ್ಟಿನ ಸಾಮಾನು ಎತ್ತಿಕೊಂಡು ಬಂದಿದ್ದಾನೆಂದು ತಿಳಿದು ಕಾಕಾ ಟ್ರ್ಯಾಕ್ಟರ್ ತೆಗೆದುಕೊಂಡು ಹೋದ. ಇಡೀ ರೆಸಾರ್ಟನ್ನೇ ಹೇರಿಕೊಂಡು ಬಂದ. ನೀರು ಸೋಸುವ ಫಿಲ್ಟರು, ಸ್ಟೀಲಿನ ಹಿಡಿಕೆ, ಕಾಲು ಚಾಚಿ ಮಲಗುವ ಕುರ್ಚಿಗಳು, ಒಂದು ಭಾರೀ ಪಂಪು, ಜೊತೆಗೊಂದು ಆಟೋಮೇಷನ್ ಪೆಟ್ಟಿಗೆ. ಪಂಪು ಯಾವಾಗ ಶುರುವಾಗಬೇಕು, ನೀರಿಗೆ ಔಷಧಿ ಯಾವಾಗ ಬೀಳಬೇಕು, ದೀಪ ಯಾವಾಗ ಹತ್ತಬೇಕು, ಎಲ್ಲವನ್ನೂ ಗಡಿಯಾರ ನೋಡಿ ಅದೇ ಮಾಡಿಸುತ್ತದೆ. ಕಾಕಾ ಅದಕ್ಕೆ ಅಂದೇ 'ಗುಮಾಸ್ತ' ಎಂದು ಹೆಸರಿಟ್ಟ.

ಆ ರಾಶಿಯಲ್ಲಿ ಒಂದು ಬೋರ್ಡೂ ಬಂದಿತ್ತು: 'ಈಜುಡುಗೆ ಇಲ್ಲದೆ ನೀರಿಗೆ ಇಳಿಯಬಾರದು'. ಬೋರ್ಡು ಕೂಡ ಸಾಮಾನೇ ಅಲ್ಲವೆ, ಬಿಸಾಡುವುದು ಹೇಗೆ? ಕಾಕಾ ಅದನ್ನು ಕೊಳದ ಗೋಡೆಗೆ ಜಡಿದ. ಇಳಕಲ್ ಸೀರೆ ಉಟ್ಟು ಕೋಲೂರಿ ಬಂದ ಕಾಕಿ ಅದನ್ನು ಓದಿ, "ಈ ವಯಸ್ಸಿನ್ಯಾಗ ನಾ ಅದನ್ನ ಹಾಕ್ಕೋಬೇಕೇನ್ರೀ?" ಎಂದು ಅಲ್ಲಿಂದಲೇ ತಿರುಗಿದಳು. ಕಾಕಾ ಗಾಬರಿಯಾಗಿ ಮರುದಿನವೇ ಮೊದಲಿನ ಎರಡು ಶಬ್ದ ಕೆರೆದು ತೆಗೆಸಿದ. ಈಗ ಅಲ್ಲಿ 'ನೀರಿಗೆ ಇಳಿಯಬಾರದು' ಎಂದಷ್ಟೇ ಉಳಿದಿದೆ.

ಹಳೆ ಪಂಪು ಶುರುವಾದ ದಿನವನ್ನು ರಾಜೂರ ಮರೆಯಲಿಕ್ಕಿಲ್ಲ. ಏನು ಸಪ್ಪಳ, ಏನು ಸಪ್ಪಳ! ಜೋಳದ ಹೊಲದ ಹಕ್ಕಿಗಳು ಎದ್ದು ಹೋದವು ನೋಡಿ, ಆ ಸುಗ್ಗಿಯಲ್ಲಿ ಕವಣೆ ಬೀಸುವ ಕೆಲಸವೇ ಬೀಳಲಿಲ್ಲ. ಮೂರನೇ ಹೊಲದ ಅಜ್ಜಿಯೊಬ್ಬಳು ಹೊಸ ಹಿಟ್ಟಿನ ಗಿರಣಿ ಬಂದಿದೆಯೆಂದು ತಿಳಿದು ಜೋಳದ ಬುಟ್ಟಿ ಹೊತ್ತುಕೊಂಡೇ ಬಂದಳು. ಅದಕ್ಕೆ ಇದ್ದದ್ದು ಒಂದೇ ವೇಗ. ಕರೆಂಟೂ ಬಕಾಸುರನಂತೆ ತಿನ್ನುತ್ತಿತ್ತು, ಹಾಗಾಗಿ ಸ್ವಲ್ಪ ಹೊತ್ತು ಓಡಿಸಿ ಬಂದ್ ಮಾಡಬೇಕು. ಸ್ವಲ್ಪ ಹೊತ್ತು ಸೋಸಿದ ನೀರು ಎಷ್ಟು ತಿಳಿಯಾದೀತು? ಸಾರಿನ ಬಣ್ಣಕ್ಕೇ ನಿಂತುಬಿಟ್ಟಿತು.

ಕಾಕಿ ಕೊಳದ ದಂಡೆಯಲ್ಲಿ, ರೆಸಾರ್ಟಿನ ಕುರ್ಚಿಯ ತುದಿಯಲ್ಲಿ ನೆಟ್ಟಗೆ ಕೂತು ತನ್ನ ತೀರ್ಪು ಹೇಳಿದಳು. "ಒಂದು, ಈ ರಾಕ್ಷಸ ಬಾಯಿ ಮುಚ್ಚಬೇಕು. ಇನ್ನೊಂದು, ನೀರಾಗ ನಿಂತ್ರ ನನ್ನ ಕಾಲುಂಗರ ನನಗ ಕಾಣಬೇಕು. ತಳಾ ಕಾಣದ ನೀರಾಗ ನಾ ಕಾಲಿಡಾಕಿ ಅಲ್ಲ."

"ಅಷ್ಟs ಹೌದಿಲ್ಲ? ಆತು" ಎಂದ ಕಾಕಾ. ಯುಗಾದಿಯೊಳಗೆ ಕಾಕಿ ನೀರಿಗೆ ಇಳಿಯಲೇಬೇಕು, ಇಲ್ಲವಾದರೆ ದವಾಖಾನೆ. ಆ ಹಟಕ್ಕೆ ಬಿದ್ದು ಹುಬ್ಬಳ್ಳಿಗೆ ಹೋದವನು, ವೇಗ ಹೆಚ್ಚುಕಡಿಮೆ ಮಾಡಬಹುದಾದ ಹೊಸ ಪಂಪು ತಂದ. ಮೆಲ್ಲಗೆ ತಿರುಗಿದರೆ ಸಪ್ಪಳವಿಲ್ಲ, ಕರೆಂಟೂ ಕಡಿಮೆ, ದಿನವಿಡೀ ಓಡಿಸಬಹುದು, ನೀರು ತಾನಾಗಿಯೇ ತಿಳಿಯಾಗುತ್ತದೆ. ಅಂಗಡಿಯವನು, "ಪೆಟ್ಟಿಗೀನೂ ಹೊಸಾದು ಒಯ್ರಿ ಸಾಹೇಬ್ರ, ಜೋಡಿ ಬರ್ತೈತಿ" ಎಂದನಂತೆ. ಕಾಕಾನಿಗೆ ಸಿಟ್ಟು ಬಂತು. "ಹೊಸಾ ಹಮಾಲ ಬಂದಾನಂತ ಗುಮಾಸ್ತನ್ನ ಮನಿಗೆ ಕಳಸ್ತಾರೇನ್ರಿ ಯಾರರ?"

ಹಳೆ ಪಂಪನ್ನು ಬಿಸಾಡಿದನೆಂದುಕೊಂಡಿರಾ? ಅದನ್ನು ಕೊಣ್ಣೂರಿನ ಬೀಗರಿಗೆ ಕಳಿಸಿದ. ಹೊಳೆ ಉಕ್ಕಿ ಹಿತ್ತಲಿಗೆ ನೀರು ನುಗ್ಗಿದರೆ ಎತ್ತಿ ಹಾಕಲು ಬೇಕಾದೀತಂತೆ. ಬೀಗರು ಒಮ್ಮೆ ಶುರುಮಾಡಿ ನೋಡಿ ಫೋನು ಮಾಡಿದರು: "ನೀರಿನ ಮಾತು ಬಿಡ್ರಿ, ಸೊಸಿ ಮಕ್ಕಳನ್ನ ಕರಕೊಂಡು ತವರಮನಿಗೆ ಹೋದ್ಲು."

ಇನ್ನು ಹೊಸ ಪಂಪಿನ ಕಥೆ. ಮೆಕ್ಯಾನಿಕ್ ಬರುವ ತನಕ ಕಾಯುವ ಜಾತಿಯವನೇ ಕಾಕಾ? ಹಳೆ ಪಂಪಿನ ವೈರು ಬಿಚ್ಚಿದ, ಗುಮಾಸ್ತನ ಅದೇ ಜಾಗಕ್ಕೆ ಹೊಸ ಪಂಪಿನ ವೈರು ಸಿಕ್ಕಿಸಿದ, ಗುಂಡಿ ಒತ್ತಿದ. ಪಂಪು ಮೊದಲು ಪೂರ್ತಿ ವೇಗದಲ್ಲಿ ಅಬ್ಬರಿಸಿತು. ಒಳಗಿನ ಗಾಳಿ ಹೊರಹಾಕಲು ಪ್ರತಿ ಸಲ ಕರೆಂಟು ಬಂದಾಗಲೂ ಹಾಗೆ ಮಾಡುವುದು ಅದರ ಜಾಯಮಾನ. ಕಾಕಾ ಖುಷಿಯಿಂದ ಮೀಸೆ ತಿರುವಿದ. ಸ್ವಲ್ಪ ಹೊತ್ತಿಗೆ ಅದು ಮೆಲ್ಲಗಾಗಿ, ಆಮೇಲೆ ಏನೂ ಕೇಳಿಸದಂತಾಯಿತು. ಬೋರಿನ ಮೋಟಾರು ಗುಂಯ್ ಎನ್ನುತ್ತಿದ್ದರಷ್ಟೇ ನೀರು ಬರುತ್ತಿದೆ ಎಂದು ಜನ್ಮವಿಡೀ ತಿಳಿದವನು ಇವನು. ತಕ್ಷಣ ಹುಬ್ಬಳ್ಳಿಯ ಅಂಗಡಿಗೆ ಫೋನು ಹಚ್ಚಿ ಬೈಗುಳ ಶುರುಮಾಡಿದ.

"ಏನ್ ಮಾಲು ಕೊಟ್ಟೀರಿ? ನಿಮ್ಮ ಪಂಪು ಸಪ್ಪಳs ಮಾಡವಲ್ದು!"

"ಅದಕ್ಕs ಸಾಹೇಬ್ರ ಅದರ ರೇಟು ಅಷ್ಟು" ಎಂದನಂತೆ ಅವನು.

ಸಪ್ಪಳದ ಜಗಳ ಅಲ್ಲಿಗೆ ಮುಗಿಯಿತು. ಆದರೆ ಪಂಪು ಮಾತ್ರ ಲಗಾಮಿಲ್ಲದ ಕುದುರೆಯಾಯಿತು. ಗುಮಾಸ್ತ ಬೆಳಿಗ್ಗೆ ಶುರು ಎಂದರೆ ಇದು ಮಲಗಿರುತ್ತಿತ್ತು. ಗುಮಾಸ್ತ ಸಾಕು ಎನ್ನುವ ಹೊತ್ತಿಗೆ ಇದಕ್ಕೆ ಹುರುಪು ಬರುತ್ತಿತ್ತು. ಕೊನೆಗೆ ಹುಬ್ಬಳ್ಳಿಯ ಮೆಕ್ಯಾನಿಕ್ ಬಂದ. ಕಾಕಾ ನನ್ನನ್ನೂ ಕರೆಸಿದ, ಮೆಕ್ಯಾನಿಕ್ ಮೋಸ ಮಾಡಿದರೆ ವಿಜ್ಞಾನದಿಂದ ಹಿಡಿಯಲು.

ಮೆಕ್ಯಾನಿಕ್ ಪೆಟ್ಟಿಗೆ ತೆರೆದು ನೋಡಿ ಹಣೆ ಬಡಿದುಕೊಂಡ. "ಸಾಹೇಬ್ರ, ಈ ಪಂಪಿನ ತಲ್ಯಾಗ ಅದರದ್ದs ಒಂದು ಗಡಿಯಾರ ಐತ್ರಿ. ನಿಮ್ಮ ಪೆಟ್ಟಿಗ್ಯಾಗ ಇನ್ನೊಂದು. ಎರಡೂ ಹುಕುಂ ಮಾಡಾಕತ್ತಾವು. ಪಂಪಿನ ಗಡಿಯಾರ ಬಂದ್ ಮಾಡಬೇಕು. ಇನ್ನ ಕರೆಂಟು ಪೆಟ್ಟಿಗಿ ಒಳಗಿಂದ ಕೊಡಬಾರದ್ರಿ, ಮೇನಿನಿಂದ ಸೀದಾ ಕೊಡಬೇಕು. ಕರೆಂಟು ಯಾವಾಗ್ಲೂ ಇರಬೇಕು. ಪೆಟ್ಟಿಗಿ ಬರೇ ಸನ್ನಿ ಮಾಡಬೇಕು, ಹಿಂಗ ಓಡು, ಹಂಗ ಓಡು ಅಂತ."

ನಾನು ಬಾಯಿ ತೆರೆಯುವ ಮೊದಲೇ ಕಾಕಾನಿಗೆ ಅರ್ಥವಾಗಿತ್ತು. "ತಿಳೀತು ಬಿಡು. ಹಮಾಲನ ಊಟ ಗುಮಾಸ್ತನ ಕೈಯಾಗ ಇರಬಾರದು. ಗುಮಾಸ್ತ ಚೀಲ ತೋರಿಸಬೇಕು, ಇಂವಾ ಎತ್ತಬೇಕು. ಯಜಮಾನಕಿ ಮಾತ್ರ ಒಬ್ಬರದs ಇರಬೇಕು."

"ಹೌದ್ರಿ" ಎಂದಳು ಕುರ್ಚಿಯ ಮೇಲಿಂದ ಕಾಕಿ. "ಅದಕ್ಕs ನೀವು ಸುಮ್ನ ದೂರ ನಿಂದರ್ರಿ, ಅಂವಾ ಮಾಡ್ತಾನ."

ಪಂಪಿನ ಭಾಷೆ ಗುಮಾಸ್ತನಿಗೆ ಬರುತ್ತಿರಲಿಲ್ಲ; ಒಂದು ಕಂಪನಿಯದು ಇನ್ನೊಂದಕ್ಕೆ ತಿಳಿಯದು, ಅದೂ ಇಷ್ಟು ಹಳೆಯದಕ್ಕೆ. ಮೆಕ್ಯಾನಿಕ್ ಬೇರೆ ಉಪಾಯ ಮಾಡಿದ. ಗುಮಾಸ್ತನಲ್ಲಿ ರೆಸಾರ್ಟಿನ ಕಾಲದ ಮೂರು ಸ್ವಿಚ್ಚು ಖಾಲಿ ಕೂತಿದ್ದವು. ಮೊದಲನೆಯದು ಹಾಕಿದರೆ ಪಂಪು ಮೆಲ್ಲಗೆ, ಎರಡನೆಯದು ಹಾಕಿದರೆ ಮಧ್ಯಮ, ಮೂರನೆಯದಕ್ಕೆ ಜೋರು, ಹೀಗೆ ವೈರು ಕೂಡಿಸಿದ. ಮೆಲ್ಲಗೆ ಓಡುವುದು ದಿನವಿಡೀ. ಜೋರು ಓಡುವುದು ತಳದ ಕಸ ಎಳೆಯುವಾಗ ಮಾತ್ರ. ಎಲ್ಲ ಸರಿಹೋಯಿತು. ಒಂದೇ ತೊಡಕು, ಗುಮಾಸ್ತನ ಪರದೆಯ ಮೇಲೆ ಆ ಸ್ವಿಚ್ಚುಗಳ ಹಳೆ ಹೆಸರು ಅಳಿಸಲು ಬರುವುದಿಲ್ಲ. ಹಾಗಾಗಿ ಇವತ್ತಿಗೂ ಅಲ್ಲಿ ಮೆಲ್ಲಗೆ ಅಂದರೆ 'ಕಾರಂಜಿ', ಮಧ್ಯಮ ಅಂದರೆ 'ಬಣ್ಣದ ದೀಪ', ಜೋರು ಅಂದರೆ 'ಜಲಪಾತ'. ಕಾಕಾ ಅಂಗಡಿಯಿಂದ ಆಳಿಗೆ ಫೋನು ಮಾಡಿ, "ಜಲಪಾತ ಬಂದ್ ಮಾಡಿ ಕಾರಂಜಿ ಹಚ್ಚಲೇ" ಎಂದು ಕೂಗುವಾಗ, ಧಾನ್ಯ ತಂದ ಅಸೂಟಿಯ ರೈತರು ಬೆರಗಾಗಿ ಕೂಡುತ್ತಾರೆ. ಈ ಅಡತಿಯವನು ಹೊಲದಲ್ಲಿ ಅರಮನೆಯನ್ನೇ ಕಟ್ಟಿಸಿದ್ದಾನೆಂದು ಅವರಲ್ಲಿ ಸುದ್ದಿ.

ಆ ವಾರ ನೀರು ತಿಳಿಯಾಗತೊಡಗಿತು. ತಳದ ಗಾರೆ ಮಸುಕಾಗಿ ಕಂಡಿತು. ಕಾಕಿ ದಂಡೆಗೆ ಬಂದು ಬಗ್ಗಿ ನೋಡಿ, "ಇನ್ನಷ್ಟು" ಎಂದಳು. ಕಾಕಾನ ಎದೆ ಉಬ್ಬಿತು. ಆದರೆ ಮಂಗಳವಾರ ಗುಮಾಸ್ತ ಮಧ್ಯಾಹ್ನವನ್ನು ಮಧ್ಯರಾತ್ರಿ ಎನ್ನತೊಡಗಿದ! ಗಡಿಯಾರ ತಪ್ಪಿದ ಮೇಲೆ ಕೇಳಬೇಕೆ, ಔಷಧಿ ಬೀಳುವ ಹೊತ್ತಿಗೆ ಬೀಳಲಿಲ್ಲ, ಪಂಪು ಓಡುವ ಹೊತ್ತಿಗೆ ಓಡಲಿಲ್ಲ. ನೀರು ಮತ್ತೆ ಕೆಟ್ಟು ಹಸಿರುಗಟ್ಟಿತು.

ಮೆಕ್ಯಾನಿಕ್ ಬಂದ, ವೇಳೆ ಸರಿಮಾಡಿದ. ಕರೆಂಟು ಹೋದಾಗ ಈ ಹಳೆ ಪೆಟ್ಟಿಗೆ ವೇಳೆ ಮರೆಯುತ್ತದೆ ಎಂದು ಹೇಳಿ ಹೋದ. ಮುಂದಿನ ಮಂಗಳವಾರ ಅದೇ ರಾಗ. ಮತ್ತೆ ಬಂದ, ಒಂದು ಇನ್ವರ್ಟರ್ ಕೂಡಿಸಿದ. "ಇನ್ನ ಊರಿಗೆ ಊರs ಕತ್ತಲಾದ್ರೂ ಇದು ವೇಳೆ ಮರಿಯೂದಿಲ್ಲ" ಎಂದು ಮಾತು ಕೊಟ್ಟ. ಅದರ ಮುಂದಿನ ಮಂಗಳವಾರವೂ ಗುಮಾಸ್ತ ಹಾಡಹಗಲಿನಲ್ಲಿ ದೀಪ ಹಚ್ಚಿಕೊಂಡು ಕೂತಿದ್ದ.

"ಸಾಹೇಬ್ರ, ಖರೇ ಹೇಳ್ರಿ, ನಿಮ್ಮ ಹೊಲದಾಗ ಏನರ ದೆವ್ವ ಐತೇನ್ರಿ?" ಎಂದು ಮೆಕ್ಯಾನಿಕ್ ಕೈಮುಗಿದ.

"ಇತ್ತು. ಹಳೇ ಪಂಪಿನ ಸಪ್ಪಳಕ್ಕ ಓಡಿ ಹೋತು" ಎಂದ ಕಾಕಾ. ಬಾಯಲ್ಲಿ ಜೋಕು ಹೊಡೆದನಾದರೂ ಮುಖ ಬಾಡಿತ್ತು. ಯುಗಾದಿ ಹತ್ತಿರ ಬರುತ್ತಿತ್ತು.

ಆ ವಾರವೇ ಒಂದು ಸಂಜೆ ಕಾಕಿ ನೆಲದ ಮೇಲೆ ಕೂತು ಮೆಂತ್ಯದ ಸೊಪ್ಪು ಸೋಸಿದವಳು ಏಳಲಾಗದೆ ಉಳಿದಳು. ಗೋಡೆ ಹಿಡಿದಳು, ಕೋಲು ಊರಿದಳು, ಆಗಲಿಲ್ಲ. ಕಾಕಾ ಅಂಗಡಿಯಿಂದ ಬರುವವರೆಗೂ ಅಲ್ಲೇ ಕೂತಿದ್ದಳು. ಅವನು ಎತ್ತಿ ಮಂಚದ ಮೇಲೆ ಕೂಡಿಸಿದಾಗ, "ಸಾಕಾತ್ರಿ. ಆ ದವಾಖಾನಿಗೆ ಫೋನ್ ಮಾಡ್ರಿ, ಆಪರೇಷನ್ ಯಾವತ್ತಂತ ಕೇಳ್ರಿ" ಎಂದಳಂತೆ. ಬದನೆಕಾಯಿಯ ಮಾತಾಡಿದ್ದ ನಮ್ಮ ಕಾಕಿ! ಕಾಕಾ ದವಾಖಾನೆಗೆ ಫೋನು ಮಾಡಲಿಲ್ಲ, ನನಗೆ ಮಾಡಿದ. ಏನೂ ಬೈಯಲಿಲ್ಲ, ಜೋರೂ ಮಾಡಲಿಲ್ಲ. "ಒಂದ್ಸಲ ಬಂದು ಹೋಗವಾ" ಎಂದಷ್ಟೇ ಹೇಳಿದ. ನನಗೆ ಅದೇ ಹೆದರಿಕೆ ಹುಟ್ಟಿಸಿತು. ಶಾಲೆಗೆ ಸೋಮವಾರ ರಜೆ ಹಾಕಿ, ಮೊದಲ ಬಸ್ಸು ಹಿಡಿದು ರಾಜೂರಕ್ಕೆ ಬಂದೆ.

ಬಂದು ನೋಡುತ್ತೇನೆ, ಪಂಪಿನ ಕೋಣೆಯಲ್ಲಿ ಊದುಬತ್ತಿಯ ವಾಸನೆ! ಕಾಕಾ ಸ್ನಾನ ಮಾಡಿ, ಮಡಿ ಪಂಚೆ ಉಟ್ಟು, ಹೊಸ ಪಂಪಿನ ಬೆನ್ನಿಗೆ ವಿಭೂತಿ ಬಳಿದು ಸೇವಂತಿಗೆ ಹೂ ಏರಿಸಿದ್ದಾನೆ. ಒಂದು ಕೈ ಮೇನ್ ಸ್ವಿಚ್ಚಿನ ಮೇಲೆ. ನಾನು ನೋಡುತ್ತಿದ್ದಂತೆಯೇ ಅದನ್ನು ಕೆಳಗೆಳೆದ. ಆಮೇಲೆ ಇನ್ವರ್ಟರಿನ ಹತ್ತಿರ ಹೋಗಿ, ಅದರ ಗುಂಡಿಯನ್ನೂ ಆರಿಸಿದ. ಗುಮಾಸ್ತನ ಪರದೆ ಕಪ್ಪಾಯಿತು.

"ಕಾಕಾ! ಏನ್ ಮಾಡಾಕತ್ತೀರಿ?"

"ಸೋಮಾರ ಹೌದಿಲ್ಲೇನು ಇವತ್ತು?" ಎಂದ ಕಾಕಾ, ನಾನೇ ಹುಚ್ಚಿ ಎಂಬಂತೆ ನೋಡುತ್ತ.

ನಾನು ಅಲ್ಲೇ ಇದ್ದ ಫಿಲ್ಟರಿಗೆ ಒರಗಿ ನಿಂತೆ. ನಮ್ಮ ಸೀಮೆಯಲ್ಲಿ ಸೋಮವಾರ ಎತ್ತು ಹೂಡುವುದಿಲ್ಲ. ಅದು ಬಸವಣ್ಣನ ದಿನ. ವಾರವಿಡೀ ದುಡಿದ ಮೂಕಪ್ರಾಣಿಗೆ ಅಂದು ನೊಗ ತೋರಿಸಬಾರದು. ಇದು ಎಲ್ಲರಿಗೂ ಗೊತ್ತಿದ್ದದ್ದೇ. ಆದರೆ ಕಾಕಾ ತನ್ನ ಟ್ರ್ಯಾಕ್ಟರನ್ನೂ ಸೋಮವಾರ ಹೊರಗೆ ತೆಗೆಯುವುದಿಲ್ಲ ಎಂಬುದನ್ನು ಬಲ್ಲ ನಾನು, ಪಂಪಿನ ವಿಚಾರಕ್ಕೆ ಇದನ್ನು ಯೋಚಿಸಬೇಕಿತ್ತೋ ಇಲ್ಲವೋ? ಇವನು ಸೋಮವಾರ ಆರಿಸಿ ಮಂಗಳವಾರ ಹಚ್ಚುತ್ತಿದ್ದ; ವಾರವಾರವೂ ಮಂಗಳವಾರವೇ ಏಕೆ ಕೆಡುತ್ತದೆ ಎಂದು ನಾನೂ ಮೆಕ್ಯಾನಿಕ್ಕೂ ತಲೆ ಕೆರೆದುಕೊಂಡದ್ದೇ ಬಂತು.

"ಇದು ಹಮಾಲ ಅಂತಿದ್ರೆಲ್ರಿ ಕಾಕಾ, ಎತ್ತು ಯಾವಾಗ ಆತು?"

"ಮೊದಲ ಹಮಾಲ ಅಂತ ತಿಳಿದಿದ್ದೆ. ಹಮಾಲ ಆಗಿದ್ರ ಗೊಣಗ್ತಿತ್ತು, ಬೀಡಿ ಸೇದಾಕ ಹೋಗ್ತಿತ್ತು. ಇದು ನೋಡು, ಸಪ್ಪಳಿಲ್ಲ, ತಕರಾರಿಲ್ಲ, ಹಗಲೆಲ್ಲಾ ದುಡೀತೈತಿ. ಎತ್ತs ಇದು. ನಿಮ್ಮ ಕಾಕಿ ಸಲುವಾಗಿ ದುಡಿಯೂ ಜೀವಕ್ಕ ಒಂದಿನ ಸೂಟಿ ಕೊಡದಿದ್ರ ಪುಣ್ಯ ಹತ್ತೀತೇನವಾ?"

ನಾನು ಟೀಚರಿನ ದನಿಯಲ್ಲಿ ಶುರುಮಾಡಿದೆ: ಇದಕ್ಕೆ ದಣಿವಿಲ್ಲ, ಕಬ್ಬಿಣಕ್ಕೆ ನೋವಿಲ್ಲ, ಕರೆಂಟು ತೆಗೆದರೆ ಗುಮಾಸ್ತ ವೇಳೆ ಮರೆಯುತ್ತಾನೆ, ವೇಳೆ ಮರೆತರೆ ನೀರು ಕೆಡುತ್ತದೆ. ಕಾಕಾ ಎಲ್ಲವನ್ನೂ ಕೇಳಿ ತಲೆಯಾಡಿಸಿದ. ಕೇಳಿ ಮುಗಿಸಿ, "ಆದ್ರೂ ಸೋಮಾರ ಸೋಮಾರನs" ಎಂದ. ವಿಜ್ಞಾನ ಅಲ್ಲಿಗೆ ಸೋತು ಕೂತಿತು.

ಅಷ್ಟರಲ್ಲಿ ಬಾಗಿಲಲ್ಲಿ ಕೋಲಿನ ಸದ್ದು. ಕಾಕಿ ಚೌಕಟ್ಟು ಹಿಡಿದು ನಿಂತಿದ್ದಳು. ಹೂ ನೋಡಿದಳು, ವಿಭೂತಿ ನೋಡಿದಳು, ಗಂಡನನ್ನು ನೋಡಿದಳು.

"ಸೋಮಾರ ಎತ್ತು ಹೂಡೂದಿಲ್ಲ, ಖರೇ. ಆದ್ರ ಗ್ವಾದಲಿಗೆ ಕಟ್ಟಿ, ಮೇವು ನೀರು ಬಂದ್ ಮಾಡಿ, ದೀಪಾ ಆರಿಸಿ ಬರ್ತೀರೇನು?"

ಕಾಕಾ ಪಂಪಿನ ಮೇಲಿನ ಹೂ ಸರಿಮಾಡಿದ.

"ಮೇಯಾಕ ಬಿಡ್ತೀರಿ ಹೌದಿಲ್ಲೋ? ತನ್ನಷ್ಟಕ್ಕ ತಾನು ಹಳ್ಳದ ದಂಡೀಗೆ ಅಡ್ಡಾಡಿ ಬರ್ತೈತಿ. ಇದನ್ನೂ ಹಂಗs ಅಡ್ಡಾಡಾಕ ಬಿಡ್ರಿ. ದುಡಿಸಬ್ಯಾಡ್ರಿ, ಕಟ್ಟೀನೂ ಹಾಕಬ್ಯಾಡ್ರಿ."

ನನಗೆ ಕಾಕಿಯ ಕಾಲಿಗೆ ಬೀಳಬೇಕೆನಿಸಿತು. ಆ ಮೊಣಕಾಲಿಗೆ ಬೇಡವೆಂದು ಬಿಟ್ಟೆ. ಕಾಕಾ ಆಗಲೇ ಮೆಕ್ಯಾನಿಕ್ಕಿಗೆ ಫೋನು ಹಚ್ಚಿದ್ದ. "ಕೇಳಿಲ್ಲಿ. ಸೋಮಾರಕ್ಕೊಂದು ಬ್ಯಾರೇ ಸ್ಪೀಡ್ ಬೇಕು. ದುಡದಂಗ ಇರಬಾರದು, ನಿಂತಂಗೂ ಇರಬಾರದು. ಹೊಟ್ಟಿ ತುಂಬಿದ ಎತ್ತು ನಡದಂಗ ಇರಬೇಕು." ಇಂಥ ಬೇಡಿಕೆ ಆ ಮೆಕ್ಯಾನಿಕ್ ಜೀವಮಾನದಲ್ಲಿ ಕೇಳಿರಲಿಕ್ಕಿಲ್ಲ. ಆದರೆ ಪುಣ್ಯಾತ್ಮ ನಗಲಿಲ್ಲ. ನಾನು ಇನ್ವರ್ಟರು ಹಚ್ಚಿ ಮೊದಲು ಗುಮಾಸ್ತನ ವೇಳೆ ಸರಿಮಾಡಿದೆ. ಪಂಪಿನ ಅತಿ ಕಡಿಮೆ ವೇಗ ಯಾವುದು, ಎರಡು ಸ್ವಿಚ್ಚು ಒಟ್ಟಿಗೆ ಹಾಕಿದರೆ ಅದು 'ಕಾರಂಜಿ'ಗಿಂತ ಕೆಳಗಿನ ನಾಲ್ಕನೆಯದಾಗಿ ಬರುವಂತೆ ಮಾಡುವುದು ಹೇಗೆ ಎಂದು ಹೇಳುತ್ತ ಹೋದ, ನಾನು ಒತ್ತುತ್ತ ಹೋದೆ. ಗುಮಾಸ್ತನಲ್ಲಿ ವಾರದ ಒಂದು ದಿನಕ್ಕೆ ಬೇರೆ ವೇಳಾಪಟ್ಟಿ ಹಾಕುವ ಸೌಕರ್ಯ ಇತ್ತು; ಆ ರೆಸಾರ್ಟಿಗೂ ವಾರಕ್ಕೊಂದು ದಿನ ರಜೆ ಇದ್ದಿರಬೇಕು. ಕಾಕಾ ಮೇನ್ ಸ್ವಿಚ್ಚು ಮೇಲೆತ್ತಿದ. ಪಂಪು ಒಮ್ಮೆ ಅಬ್ಬರಿಸಿ, ಇಳಿದು, ಇಳಿದು, ಕೊನೆಗೆ ಕಿವಿ ಹಚ್ಚಿದರಷ್ಟೇ ಕೇಳಿಸುವ ಹಾಗೆ ತಿರುಗತೊಡಗಿತು. ಮೇಲಿನ ಸೇವಂತಿಗೆ ಹೂ ಕೂಡ ಅಲುಗಲಿಲ್ಲ.

ಕಾಕಾ ಅದರ ಬೆನ್ನು ಸವರಿ, "ಮೇಯಾಕತ್ತೈತಿ ನೋಡು" ಎಂದ.

ಮಂಗಳವಾರ ನಾನು ತರಗತಿಯಲ್ಲಿದ್ದಾಗ ಫೋನು ಬಂತು. ಬಾಗಿಲ ಹೊರಗೆ ನಿಂತು ಹೆದರುತ್ತಲೇ ಎತ್ತಿದೆ. "ಮಧ್ಯಾಹ್ನಕ್ಕ ಮಧ್ಯಾಹ್ನ ಅನ್ನಾಕತ್ತಾನ! ಗುಮಾಸ್ತ ಮಧ್ಯಾಹ್ನಕ್ಕ ಮಧ್ಯಾಹ್ನs ಅನ್ನಾಕತ್ತಾನವಾ!" ಕಾಕಾನ ಕೂಗು ಮಕ್ಕಳಿಗೂ ಕೇಳಿಸಿರಬೇಕು, ಒಳಗೆ ನಗೆ ಎದ್ದಿತು. ನಾನೂ ನಕ್ಕೆ, ಬಾಯಿಗೆ ಸೆರಗು ಹಿಡಿಯದೆಯೇ ನಕ್ಕೆ. ಆ ಸಂಜೆ ಗಜೇಂದ್ರಗಡದ ಅಡತಿ ಅಂಗಡಿಯಲ್ಲಿ ಹಮಾಲರಿಗೂ ರೈತರಿಗೂ ಪೇಡೆ ಹಂಚಿದರಂತೆ. ಯಾಕೆಂದು ಕೇಳಿದವರಿಗೆಲ್ಲ ಕಾಕಾ, "ನಮ್ಮಲ್ಲೆ ಹೊಸಾದಕ್ಕೂ ಹಳೇದಕ್ಕೂ ಕೂಡಿ ಬಂತು" ಎಂದು ಹೇಳಿದ. ಅರ್ಧ ಪೇಟೆಯವರು ಅವನ ಮನೆಯಲ್ಲಿ ಮದುವೆ ಗೊತ್ತಾಗಿದೆ ಎಂದೇ ತಿಳಿದರು.

ನೀರು ದಿನದಿನಕ್ಕೆ ತಿಳಿಯಾಯಿತು. ಸೋಮವಾರ ಬಂತು, ಮಂಗಳವಾರ ಬಂತು, ಗಡಿಯಾರ ತಪ್ಪಲಿಲ್ಲ. ಯುಗಾದಿಗೆ ಇನ್ನೂ ದಿನವಿರುವಾಗ, ಒಂದು ಆದಿತ್ಯವಾರ ಬೆಳಿಗ್ಗೆ ಕಾಕಿ ನನ್ನನ್ನು ಕರೆಸಿಕೊಂಡು, ಸೀರೆಯನ್ನು ಕಚ್ಚೆ ಹಾಕಿ ಬಿಗಿದು ಉಟ್ಟು ಕೊಳದ ಹತ್ತಿರ ಬಂದಳು. ತನ್ನ ಕೆಲಸದ ಫಲ ನೋಡಲು ಬಂದಿದ್ದ ಮೆಕ್ಯಾನಿಕ್ಕನ್ನು ಕಾಕಾ ಹೆಗಲು ಹಿಡಿದು ಜೋಳದ ಹೊಲದ ಕಡೆ ಮುಖ ಮಾಡಿ ನಿಲ್ಲಿಸಿದ, "ತಿರುಗಿದಿ ಅಂದ್ರ ನೋಡು!" ಪಾಪ, ಅವನು ಕೊನೆಯವರೆಗೂ ತೆನೆ ಎಣಿಸುತ್ತ ನಿಂತ.

ಕಾಕಿ ಹಿಡಿಕೆ ಹಿಡಿದು ಒಂದು ಮೆಟ್ಟಿಲು ಇಳಿದಳು. ನಾನು ಒಂದು ಕಡೆ ಆತುಕೊಂಡೆ. ಇನ್ನೊಂದು ಮೆಟ್ಟಿಲು. ನೀರು ಮೊಣಕಾಲು ದಾಟಿತು, ನಡುವಿಗೆ ಬಂತು. ತಳದಲ್ಲಿ ನಿಂತು ತಲೆ ಬಗ್ಗಿಸಿ ನೋಡಿದಳು. ಬೆಳ್ಳಿಯ ಕಾಲುಂಗುರಗಳು ಬಿಸಿಲಿಗೆ ಹೊಳೆಯುತ್ತಿದ್ದವು, ಕೈ ಹಾಕಿದರೆ ಸಿಗುವಷ್ಟು ಹತ್ತಿರ.

"ಕಂಡುವೇನು?" ದಂಡೆಯಿಂದ ಕಾಕಾ ಕೇಳಿದ.

"ಕಂಡೂರಿ."

ಅಷ್ಟೇ. ಕಾಕಾ ಗೆದ್ದಿದ್ದ! ಟವೆಲನ್ನು ತಲೆಗೆ ರುಮಾಲಿನಂತೆ ಸುತ್ತಿಕೊಂಡು, ರಣರಂಗ ಗೆದ್ದ ದೇಸಾಯಿಯ ಹಾಗೆ ಕೊಳವನ್ನು ಒಂದು ಸುತ್ತು ಹಾಕಿದ. ಕಾಕಿ ನನ್ನ ಕೈ ಬಿಟ್ಟಳು. ಮೊದಲು ಮೆಲ್ಲಗೆ, ಆಮೇಲೆ ಸರಾಗವಾಗಿ, ಈ ಗೋಡೆಯಿಂದ ಆ ಗೋಡೆಗೆ ನಡೆದಳು. ತಿರುಗಿ ಬಂದಳು. ಮತ್ತೆ ಹೋದಳು. ಗೋಡೆ ಹಿಡಿಯಲಿಲ್ಲ, ಕೋಲು ಕೇಳಲಿಲ್ಲ. ನಡೆಯುತ್ತ ನಡೆಯುತ್ತ ತನ್ನಷ್ಟಕ್ಕೆ ಏನೋ ಗುನುಗತೊಡಗಿದಳು. ಅವಳು ಗುನುಗುವುದನ್ನು ನಾನು ಕೇಳಿ ಎಷ್ಟು ಕಾಲವಾಗಿತ್ತೋ.

ಬಹಳ ಹೊತ್ತಾಯಿತು. ಗುಮಾಸ್ತ ಪಂಪನ್ನು ಜೋರಿಗೆ ಹಾಕಿ ತಳದ ಕಸ ಎಳೆಯುವ ವೇಳೆ ಹತ್ತಿರ ಬಂತು. ಕಾಕಾ ದಂಡೆಗೆ ಬಂದು, "ಸಾಕಿನ್ನ, ಹೊರಗ ಬಾ. ಥಂಡಿ ಹತ್ತೀತು" ಎಂದ.

ಕಾಕಿ ಕೊಳದ ನಟ್ಟನಡುವೆ ನಿಂತಳು. ಅಂಗೈಯಿಂದ ನೀರನ್ನು ಮೆಲ್ಲಗೆ ಆಚೆಗೊಮ್ಮೆ ಈಚೆಗೊಮ್ಮೆ ಸವರಿದಳು.

"ಇನ್ನೊಂಚೂರು ಇರ್ತೀನ್ರಿ. ಹೊರಗ ಬಂದ್ರ ಮತ್ತ ಮುದುಕಿ ಆಕ್ಕೀನಿ."

ನಗುತ್ತಲೇ ಹೇಳಿದಳು. ಆದರೆ ಕಾಕಾ ನಗಲಿಲ್ಲ.  ನನ್ನ ತೋಳು ಹಿಡಿದು ಪಂಪಿನ ಕೋಣೆಗೆ ಕರೆದುಕೊಂಡು ಹೋದ. 

"ಇದರಾಗ ಹೊತ್ತು ಮುಂದಕ್ಕ ಹಾಕೂದು ಹ್ಯಾಂಗವಾ? ತೋರಿಸು."

ನಾನು ಪರದೆ ತೆರೆದು ತೋರಿಸಿದೆ. "ಎಷ್ಟು ಹೊತ್ತು ಹಾಕಲ್ರಿ ಕಾಕಾ?"

ಕಾಕಾ ಕಿಟಕಿಯಿಂದ ಹೊರಗೆ ನೋಡಿದ. ಕಾಕಿ ಮತ್ತೆ ನಡೆಯತೊಡಗಿದ್ದಳು.

"ಆಕಿ ಸಾಕು ಅನ್ನೂತನಕ ಹಾಕು."

ಅಂಥ ಗುಂಡಿ ಯಾವ ಪೆಟ್ಟಿಗೆಯಲ್ಲಿಯೂ ಇರುವುದಿಲ್ಲ; ನಾನು ಜೋರಿನ ವೇಳೆಯನ್ನೇ ಸಂಜೆಗೆ ದೂಡಿದೆ. ಕಣ್ಣು ತುಂಬಿ ಪರದೆಯೇ ಮಸುಕಾಗಿತ್ತು. ಹೊರಗೆ ಬಂದು ನೋಡಿದರೆ, ಕಾಕಾ ತಲೆಯ ಟವೆಲನ್ನು ಬಿಚ್ಚಿ, ಕೊಡವಿ, ಬಿಸಿಲು ಬೀಳುವ ಹಾಗೆ ಮೊಣಕಾಲ ಮೇಲೆ ಹಾಸಿಕೊಂಡು ಎಲ್ಲಕ್ಕಿಂತ ಮೇಲಿನ ಮೆಟ್ಟಿಲ ಹತ್ತಿರ ಕೂತಿದ್ದ. ಅವಳು ಹೊರಗೆ ಬಂದಾಗ ಅದು ಬೆಚ್ಚಗಿರಬೇಕಲ್ಲ.